ಓಲಪ್ಪ ಮುತ್ಯಾನ ಕೊಂಕಣಿ

ಹೋದ ತಿಂಗಳು ಕಲಬುರಗಿಯ ರೋಜಾದ ಕಡೆ ಹೋಗಿದ್ದೆ. ದರ್ಗಾದ ದಾರಿಯಲ್ಲಿ ಒಬ್ಬಾಕೆ ಬಂಡಿಯ ಮೇಲೆ ಕೆಂಬಾಳೆ ಇಟ್ಟುಕೊಂಡು ನಿಂತಿದ್ದಳು. ಹೊಗೆ ಹಾಕಿ ಹಣ್ಣು ಮಾಡಿದ ಕೆಂಬಾಳೆಗೆ ಒಂದು ವಾಸನೆ ಇರುತ್ತದೆ: ಅರ್ಧ ಬೆಲ್ಲದ್ದು, ಅರ್ಧ ಸುಟ್ಟ ಹುಲ್ಲಿನದು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಬಂದ ಕೆಲಸ ಮರೆತು ಪಕ್ಕದ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ‘ಯಾಕ ಮುತ್ಯಾ, ಚಕ್ಕರ್ ಬಂತೇನು?’ ಎಂದು ಅವಳು ಕೇಳಿದಳು. ಈಗ ನನ್ನನ್ನೂ ಎಲ್ಲರೂ ಮುತ್ಯಾ ಎನ್ನುತ್ತಾರೆ. ಆದರೆ ಆ ಶಬ್ದ ಕೇಳಿದಾಗ ನನ್ನ ಕಣ್ಣ ಮುಂದೆ ಬರುವವನು ಒಬ್ಬನೇ, ನಮ್ಮ ಅಜ್ಜ. ಅವನಿಗೆ ನಾನು ಮಾಡಿದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ತಂಗಿಗೂ ಹೇಳಿಲ್ಲ.

ನಮ್ಮ ಅಡ್ಡಹೆಸರು ನಾರ್ವೇಕರ. ಕಲಬುರಗಿಯಲ್ಲಿ ಈ ಹೆಸರು ಕೇಳಿದವರು ‘ಗೋವಾ ಕಡೆಯವರೇನ್ರಿ?’ ಎನ್ನುತ್ತಾರೆ. ಹೌದು ಎಂದೇ ನಾವು ಹೇಳಿಕೊಂಡು ಬಂದಿದ್ದೇವೆ. ನಿಜವೆಂದರೆ ನಮ್ಮ ಅಪ್ಪನ ಅಪ್ಪ ನಾರ್ವೆ ದೇಶದವನು. ನಮ್ಮಲ್ಲಿ ಆಳಂದದಿಂದ ಬಂದವನು ಆಳಂದಕರನಾಗುತ್ತಾನೆ, ಬೀದರದಿಂದ ಬಂದವನು ಬೀದರಕರ. ನಿಜಾಮನ ಕಾಲದ ಯಾರೋ ಗುಮಾಸ್ತ ಎಲ್ಲಿಂದ ಬಂದಿ ಎಂದು ಮುತ್ಯಾನನ್ನು ಕೇಳಿ, ಅವನು ಹೇಳಿದ್ದಕ್ಕೆ ಒಂದು ‘ಕರ’ ಹಚ್ಚಿದ. ಅಲ್ಲಿಗೆ ಒಂದು ದೇಶ ಕೊಂಕಣದ ಒಂದು ಹಳ್ಳಿಯಾಯಿತು. ಅಪ್ಪನಿಗೂ ನನಗೂ ತಂಗಿ ಶಾಂತಾಗೂ ಬೂದಿ ಬಣ್ಣದ ಕಣ್ಣು. ಕೊಂಕಣದವರಿಗೆ ಇಂಥ ಕಣ್ಣು ಇರುವುದುಂಟು. ಹೀಗಾಗಿ ಯಾರೂ ಹೆಚ್ಚು ಕೆದಕಲಿಲ್ಲ.

ಅವನ ಹೆಸರು ಓಲಾ. ಕಮಲಾಪುರದವರು ಓಲಪ್ಪ ಮಾಡಿದರು. ಹಡಗಿನ ಬಡಗಿಯಾಗಿ ಮುಂಬೈಗೆ ಬಂದವನು ಜ್ವರ ಹಿಡಿದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಹಡಗು ಅವನನ್ನು ಬಿಟ್ಟು ಹೋಯಿತು. ಕಟ್ಟಿಗೆ ಕೆಲಸ ಹುಡುಕುತ್ತ ರೈಲುಹಾದಿ ಹಿಡಿದು ಶಹಾಬಾದ, ವಾಡಿ, ಕಲಬುರಗಿ ಎಂದು ಅಲೆದು, ಕೊನೆಗೆ ಕಮಲಾಪುರದ ಒಬ್ಬ ರೈತನ ಬಾವಿಗೆ ಗಡಗಡಿ ಕೂಡಿಸಲು ಹೋದ. ಆ ರೈತನ ಮಗಳು ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿನಲ್ಲಿದ್ದಳು. ಅವಳೇ ನಮ್ಮ ಆಯಿ, ಅಪ್ಪನ ತಾಯಿ. ಊರು ಇಬ್ಬರನ್ನೂ ದೂರ ಇಟ್ಟಿತು. ಅವಳಪ್ಪ ಮಾತ್ರ ಹಳ್ಳದ ದಂಡೆಯ ಒಂದು ತುಂಡು ಹೊಲ ಕೊಟ್ಟು ಬಾಯಿ ಮುಚ್ಚಿಕೊಂಡ. ಸಮುದ್ರದ ಮನುಷ್ಯ ಆ ಕರಿ ಮಣ್ಣಿನಲ್ಲಿ ರೈತನಾದ.

ಜೋಳದ ಮೇವನ್ನು ನಮ್ಮಲ್ಲಿ ಬಣವೆ ಒಟ್ಟುತ್ತಾರೆ. ಅವನು ಗೂಟ ನೆಟ್ಟು, ಅಡ್ಡ ಕೋಲು ಕಟ್ಟಿ, ಮೇವನ್ನು ಸೀರೆ ಹರವಿದಂತೆ ಸಾಲಾಗಿ ತೂಗುಹಾಕುತ್ತಿದ್ದ. ‘ಓಲಪ್ಪ ಮೇವು ಒಗದು ಒಣಾ ಹಾಕ್ಯಾನ ನೋಡ್ರಿ’ ಎಂದು ಊರು ನಗುತ್ತಿತ್ತಂತೆ. ನಮ್ಮೂರಾಗ ಮಳಿ ನಿಲ್ಲಂಗಿಲ್ಲ, ಹಿಂಗೇ ಮಾಡ್ತೀವಿ ಎಂದು ಇವನು. ಇಲ್ಲಿ ಮಳಿ ಬರಂಗೇ ಇಲ್ಲಲ್ಲೋ ಮಾರಾಯಾ ಎಂದು ಅವರು. ಅವನು ಬಿಡಲಿಲ್ಲ. ಮಳೆಗೆ ಕಾಯುವ ನಾಡಿನಲ್ಲಿ ಮಳೆಗೆ ಅಂಜಿಕೊಂಡೇ ಬದುಕಿದ. ಹಳ್ಳದ ನೀರು ಹತ್ತಿರವಿತ್ತು, ಕೆಂಬಾಳೆ ಹಚ್ಚಿದ. ಅವನಾಡುವ ಕನ್ನಡ ಕತ್ತಲಲ್ಲಿ ಕೇಳಿದರೆ ಕಮಲಾಪುರದ ಯಾವನೋ ಗೌಡ ಎನ್ನಬೇಕು, ಹಾಗಿತ್ತು. ತನ್ನ ಊರಿನ ಮಾತನ್ನು ಅವನು ಆಡಿದ್ದನ್ನು ನಾವು ಕೇಳಿರಲಿಲ್ಲ. ಆಡಲು ಯಾರಿದ್ದರು?

ಎಂಬತ್ತರ ದಶಕದ ನಡುವಿನ ಒಂದು ವರ್ಷ. ಆಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಅಪ್ಪ ಕಲಬುರಗಿಯ ಒಂದು ಬೇಳೆ ಮಿಲ್ಲಿನಲ್ಲಿದ್ದ. ನಾನು ಮ್ಯಾಟ್ರಿಕ್ ಮುಗಿಸಿ ಅಲ್ಲಿ ಇಲ್ಲಿ ಕೆಲಸ ಮಾಡಿ, ಎಲ್ಲೂ ನಿಲ್ಲದೆ, ನಮ್ಮ ಹೊಲದ ಬಾಳೆಹಣ್ಣನ್ನೇ ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಹೊರಗೆ ಇಟ್ಟುಕೊಂಡು ಮಾರುತ್ತಿದ್ದೆ. ದಸರೆಯ ಮುಂದೆ ಮುತ್ಯಾ ಬಾಳೆತೋಟದಲ್ಲಿ ಬಿದ್ದ. ಒಂದು ಕೈ ಸತ್ತಂತಾಯಿತು. ಡಾಕ್ಟರು ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ವಯಸ್ಸಾಗಿದೆ, ಮನೆಯಲ್ಲೇ ನೋಡಿಕೊಳ್ಳಿ ಎಂದರು. ಕೆಲವು ದಿನದ ಮೇಲೆ ಅವನು ಬಾಯಿ ಬಿಟ್ಟ. ಬಂದದ್ದು ಕನ್ನಡವಲ್ಲ.

ಮೊದಲು ತೊದಲುತ್ತಿದ್ದಾನೆ ಎಂದುಕೊಂಡೆವು. ತೊದಲಲ್ಲ. ಏರಿಳಿತವಿತ್ತು, ನಡುವೆ ನಗೆಯಿತ್ತು, ಯಾರನ್ನೋ ಬೈದಂತೆ ಇರುತ್ತಿತ್ತು. ಅರವತ್ತು ವರ್ಷ ಎಲ್ಲಿ ಅಡಗಿತ್ತೋ ಆ ಮಾತು, ಮೇಲೆದ್ದು ಬಂದು ಕನ್ನಡವನ್ನು ಪೂರಾ ಹೊರಗೆ ಹಾಕಿತ್ತು. ನಾವು ಹೇಳಿದ್ದೂ ಅವನಿಗೆ ತಿಳಿಯುತ್ತಿರಲಿಲ್ಲ.

ಆ ಚಳಿಗಾಲ ಹೊಲದ ಮನೆಯಲ್ಲಿ ಇದ್ದವರು ನಾವು ಮೂವರು: ಮುತ್ಯಾ, ನಾನು, ಆಯಿಯ ತವರಿನ ಕಡೆಯ ನಾಗಮ್ಮ ಕಾಕಿ. ವಾರಕ್ಕೆ ಒಂದೆರಡು ಸಲ ನಾನು ಗೊನೆ ಹೇರಿಕೊಂಡು ಬಸ್ಸಿನಲ್ಲಿ ಕಲಬುರಗಿಗೆ ಹೋಗಿ ಬರುತ್ತಿದ್ದೆ. ತೊಗರಿ ಹಳದಿ ಹೂ ಬಿಟ್ಟು ಕಾಯಿ ಕಟ್ಟುತ್ತಿತ್ತು. ಬೆಳಗಿನ ಹೊತ್ತು ಹಳ್ಳದ ಮೇಲೆ ಮಂಜು ಕೂತಿರುತ್ತಿತ್ತು. ಮುತ್ಯಾ ಬಾಗಿಲ ಬಳಿಯ ಹೊರಸಿನ ಮೇಲೆ ಕೂತು ಆ ಮಂಜಿನ ಕಡೆ ನೋಡುತ್ತ ಮಾತಾಡುತ್ತಿದ್ದ. ಮಾತಿನ ನಡುವೆ ನಿಲ್ಲಿಸುತ್ತಿದ್ದ. ಆ ಕಡೆಯವರು ಏನೋ ಹೇಳಲಿ ಎಂದು ಬಿಟ್ಟ ಜಾಗ ಅದು. ಆ ಜಾಗದಲ್ಲಿ ಕಾಗೆ ಕೂಗುತ್ತಿತ್ತು, ದೂರದಲ್ಲಿ ಹುಮನಾಬಾದಿಗೆ ಹೋಗುವ ಲಾರಿ ಹಾರ್ನ್ ಹಾಕುತ್ತಿತ್ತು. ಅವನು ಸ್ವಲ್ಪ ಕಾಯ್ದು ಮತ್ತೆ ಶುರು ಮಾಡುತ್ತಿದ್ದ. ಮನೆಯಲ್ಲಿ ಒಬ್ಬ ಮನುಷ್ಯ ಇಡೀ ದಿನ ಮಾತಾಡುತ್ತಾನೆ, ಆದರೂ ಮನೆಯಲ್ಲಿ ಮಾತಿಲ್ಲ. ಕಾಕಿಯನ್ನು ಬಿಟ್ಟರೆ ನನಗೂ ಅಲ್ಲಿ ಮಾತಾಡಲು ಯಾರೂ ಇರಲಿಲ್ಲ.

ಎರಡೇ ಶಬ್ದ ನಮಗೆ ತಿಳಿದಂತಿದ್ದವು. ಒಂದು ‘ಮೂರ್’. ಸಂಜೆಯಾಗುತ್ತಲೇ ಮೂರ್, ಮೂರ್ ಎನ್ನುತ್ತಿದ್ದ. ಕಾಕಿ ಅವನ ತಟ್ಟೆಗೆ ಮೂರು ರೊಟ್ಟಿ ಹಾಕುತ್ತಿದ್ದಳು. ಒಂದೂ ಮುಗಿಸುತ್ತಿರಲಿಲ್ಲ. ಇನ್ನೊಂದು ‘ತಕ್’. ನೀರಿನ ತಂಬಿಗೆ ಕೈಗೆ ಕೊಟ್ಟರೆ, ತಟ್ಟೆ ಮುಂದೆ ಇಟ್ಟರೆ, ನಮ್ಮ ಮುಖ ನೋಡಿ ತಕ್ ಎನ್ನುತ್ತಿದ್ದ. ತಕ್ಕೋ ಎನ್ನುತ್ತಿದ್ದಾನೆ, ಬೇಡವಂತೆ ಎಂದು ನಾವು ತೆಗೆದುಬಿಡುತ್ತಿದ್ದೆವು. ತೆಗೆಯುವಾಗ ಅವನ ಕೈ ಸ್ವಲ್ಪ ದೂರ ತಟ್ಟೆಯ ಹಿಂದೆ ಬರುತ್ತಿತ್ತು. ಕಾಕಿ ‘ಊಟಾನೇ ಒಲ್ಲ ಅಂತಾನ, ಹ್ಯಾಂಗ ಉಳೀತಾನ’ ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಅವನು ಏನೂ ಅನ್ನದೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಹಾಗೆ ಅವನು ಬದುಕಿಕೊಂಡಿದ್ದ.

ಅದೇ ಹೊತ್ತಿಗೆ ಶಾಂತಾಗೆ ಕಲಬುರಗಿಯ ಒಂದು ಒಳ್ಳೆಯ ಮನೆತನದಿಂದ ಸಂಬಂಧ ಬಂದಿತ್ತು. ಹುಡುಗ ಬ್ಯಾಂಕಿನಲ್ಲಿದ್ದ. ಅವನ ತಾಯಿ ಮನೆಯಲ್ಲಿ ಅರ್ಧ ಮರಾಠಿ ಆಡುವವರು. ನಾರ್ವೇಕರ ಎಂದ ಕೂಡಲೇ ಅವರಿಗೆ ಮನಸ್ಸು ಕೂಡಿತ್ತು. ಎಳ್ಳು ಅಮಾಸೆಗೆ ಹೊಲಕ್ಕೆ ಬರುತ್ತೇವೆ, ಪೈರಿಗೆ ಎಡೆಯ ಚರಗ ಚೆಲ್ಲುವುದು ನೋಡುತ್ತೇವೆ ಎಂದರು. ಬರಬೇಡಿ ಎನ್ನಲು ಬರುತ್ತದೆಯೇ?

ಬಂದರು. ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿ ಸಜ್ಜೆ ಕಡುಬು, ಭಜ್ಜಿ ಬಡಿಸಿದೆವು. ಮುತ್ಯಾನಿಗೆ ಅಂದು ಉಮೇದಿಯೋ ಉಮೇದಿ. ಹೊಸ ಮುಖ ಕಂಡದ್ದಕ್ಕೋ ಏನೋ, ಹುಡುಗನ ತಾಯಿಯ ಕಡೆ ತಿರುಗಿ ಒಂದೇ ಸವನೆ ಮಾತಾಡಿದ. ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡು ಮರ್ಯಾದೆಯಿಂದ ಕೇಳಿದರು. ಆಮೇಲೆ ಅಪ್ಪನನ್ನು ಕೇಳಿದರು:

‘ಅಜ್ಜಾವರು ಏನನ್ಲಿಕತ್ಯಾರ್ರಿ?’

‘ಕೊಂಕಣಿರಿ,’ ಎಂದ ಅಪ್ಪ. ‘ವಯಸ್ಸಾತು, ಕನ್ನಡ ಮರ್ತುಬಿಟ್ಟಾರ.’

‘ನಮ್ಮ ಕಾಕಾ ಗೋವಾದಾಗ ಇದ್ರು, ಕೊಂಕಣಿ ನನ್ನ ಕಿವಿಗೆ ಬಿದ್ದದ. ಇದು ಎಂಥಾ ಕೊಂಕಣಿರಿ, ಒಂದು ಶಬ್ದಾನೂ ಹತ್ತವಲ್ದು?’

ಅಪ್ಪ ನನ್ನ ಮುಖ ನೋಡಿದ. ‘ಹಳೇದ್ರಿ,’ ಎಂದೆ ನಾನು. ‘ಪೋರ್ಚುಗೀಸರು ಬರೂಕಿಂತ ಮೊದಲಿಂದು.’

ಆಕೆ ಗಲ್ಲದ ಮೇಲೆ ಬೆರಳಿಟ್ಟುಕೊಂಡು, ಅದಕ್ಕೇ ಹಂಗ ಕೇಳ್ತದ ಎಂದರು. ಅಷ್ಟರಲ್ಲಿ ಕಾಕಿ ಮುತ್ಯಾನ ಮುಂದೆ ಕಡುಬು ಇಟ್ಟಳು. ಅವನು ತಕ್ ಎಂದ. ನಾನು ರೂಢಿಯಂತೆ ತಟ್ಟೆ ಎತ್ತಿದೆ.

‘ತಿನ್ಲಿ ಬಿಡೋ, ಯಾಕ ಕಸ್ಗೋತಿ?’ ಎಂದರು ಹುಡುಗನ ತಾಯಿ.

‘ಅವ್ರೇ ತಕ್ಕೋ ಅಂದ್ರಲ್ರಿ.’

‘ಕನ್ನಡ ಮರ್ತಾರ ಅಂದ್ರಿ?’

‘ಅದೊಂದು ಉಳ್ದದ್ರಿ,’ ಎಂದೆ. ಎಲ್ಲರೂ ನಕ್ಕರು. ಅವರೆಲ್ಲ ನಗುವುದನ್ನು ಕಂಡು ಮುತ್ಯಾನೂ ನಕ್ಕ. ತಟ್ಟೆ ನನ್ನ ಕೈಯಲ್ಲೇ ಇತ್ತು.

ಅದಾದ ಮೇಲೆ ಒಂದು ದಿನ ಸೂಪರ್ ಮಾರ್ಕೆಟ್ಟಿನಲ್ಲಿ ಒಬ್ಬ ಪರದೇಶದ ಹೆಂಗಸು ನನ್ನ ಹಣ್ಣಿನ ಮುಂದೆ ಬಂದು ನಿಂತರು. ವಯಸ್ಸಾದವರು, ಬೆಳ್ಳಗಿನ ಕೂದಲು, ಕಾಲಲ್ಲಿ ನಮ್ಮ ಹೆಂಗಸರು ಹಾಕುವಂಥದೇ ಚಪ್ಪಲಿ. ಅವರ ಗಂಡ ಬೋರವೆಲ್ ಕೊರೆಯುವ ಯಂತ್ರದ ಕೆಲಸಕ್ಕೆ ಬಂದಿದ್ದರಂತೆ, ಐವಾನ್-ಎ-ಶಾಹಿಯ ಕಡೆ ಒಂದು ಮನೆಯಲ್ಲಿ ಇಳಿದಿದ್ದರು. ಹರಕುಮುರುಕು ಹಿಂದಿಯಲ್ಲಿ ಇದು ಎಂಥ ಕೆಂಪು ಬಾಳೆ ಎಂದು ಕೇಳಿದರು. ಕಮಲಾಪುರದ್ದು ಎಂದೆ. ಒಂದು ಚಿಪ್ಪು ಕೊಟ್ಟೆ. ಅವರು ಎರಡೂ ಕೈಯಲ್ಲಿ ಹಿಡಿದು, ನನ್ನ ಮುಖ ನೋಡಿ, ‘ತಕ್’ ಎಂದರು.

ನಾನು ಕೈ ನೀಡಿ ಹಣ್ಣು ವಾಪಸು ತೆಗೆದುಕೊಂಡೆ.

ಅವರಿಗೆ ಗಾಬರಿ. ಆಮೇಲೆ ನಗೆ. ರೂಢಿಯ ಮೇಲೆ ತಮ್ಮ ಬಾಯಿಂದ ಬಂದ ಶಬ್ದ ಅದು ಎಂದು ತಿಳಿಸಿ ಹೇಳಿದರು: ‘ತಕ್ ಮತ್ಲಬ್ ಶುಕ್ರಿಯಾ.’

ಹಣ್ಣನ್ನು ಅವರ ಕೈಗೆ ವಾಪಸು ಇಟ್ಟೆ. ದಸರೆಯಿಂದ ಆ ಮುದುಕ ಪ್ರತಿ ತುತ್ತಿಗೂ ನಮಗೆ ಉಪಕಾರವಾಯಿತು ಎಂದಿದ್ದಾನೆ. ಪ್ರತಿ ಸಲವೂ ನಾವು ಅವನ ಮುಂದಿನ ತಟ್ಟೆ ಕಸಿದಿದ್ದೇವೆ. ಬಾಯಿ ಮುಚ್ಚಿಕೊಂಡರೆ ಮಾತ್ರ ಅನ್ನ ಸಿಗುತ್ತದೆ ಎಂದು ಅವನು ಕಲಿತುಕೊಂಡಿದ್ದಾನೆ.

ನಿಮ್ಮ ದೇಶ ಯಾವುದು ಎಂದು ಕೇಳಿದೆ. ಕೇಳುವ ಮೊದಲೇ ಗೊತ್ತಿತ್ತು. ಆಗಲೇ ಹೇಳಬೇಕಿತ್ತು: ಅಮ್ಮಾ, ಒಂದು ತಾಸಿನ ದಾರಿಯಲ್ಲಿ ನಿಮ್ಮ ಮಾತಾಡುವವನೊಬ್ಬ ಇದ್ದಾನೆ, ಉತ್ತರ ಕೊಡುವವರಿಲ್ಲದೆ ಮಂಜಿನ ಜೊತೆ ಮಾತಾಡುತ್ತಿದ್ದಾನೆ. ನಾನು ಹೇಳಿದ್ದು, ಹಣ್ಣು ಎರಡು ದಿನ ಬಿಟ್ಟು ತಿನ್ನಿರಿ, ಇನ್ನೂ ರುಚಿಯಾಗುತ್ತದೆ ಎಂದು.

ಶಾಂತಾನ ಮದುವೆ ಮುಗಿಯಲಿ ಎಂದು ನನಗೆ ನಾನೇ ಹೇಳಿಕೊಂಡೆ. ಬಿಳಿ ಹೆಂಗಸೊಬ್ಬಳು ಜೀಪಿನಲ್ಲಿ ಕಮಲಾಪುರಕ್ಕೆ ಬಂದು ಓಲಪ್ಪನ ಜೊತೆ ಹಳೇ ಕೊಂಕಣಿ ಮಾತಾಡಿದಳು ಎಂದರೆ ಸಂಜೆಯೊಳಗೆ ಕಲಬುರಗಿಗೆ ಸುದ್ದಿ ಮುಟ್ಟುತ್ತದೆ. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ಆ ಮೇಡಂ ಮತ್ತೆ ಮತ್ತೆ ಬಂದರು. ನಾನು ಹಣ್ಣಿನ ಜೊತೆ ಒಂದೊಂದು ಶಬ್ದ ಕೇಳಿಕೊಳ್ಳತೊಡಗಿದೆ. ಸುಮ್ಮನೆ ಹುಚ್ಚು, ಕಲಿಯುವ ಆಸೆ ಎಂದೆ. ಅವರು ಖುಷಿಯಿಂದ ಹೇಳಿಕೊಟ್ಟರು. ಹಾಗೆಯೇ ‘ಮೂರ್’ ಎಂದರೆ ತಾಯಿ ಎಂದು ತಿಳಿಯಿತು. ಅಂದು ಊರಿಗೆ ಬಂದು ಕಾಕಿಗೆ, ಮುತ್ಯಾ ಏನಂದರೂ ತಟ್ಟೆ ತೆಗೆಯಬೇಡ, ಒಂದೇ ರೊಟ್ಟಿ ಸಾಕು ಎಂದೆ. ಯಾಕೆ ಎಂದಳು. ಡಾಕ್ಟರು ಹೇಳಿದರು ಎಂದೆ. ಅವತ್ತು ಮುತ್ಯಾ ಅಳುಕುತ್ತಲೇ ತಕ್ ಎಂದ. ತಟ್ಟೆ ಹೋಗಲಿಲ್ಲ. ಅವನು ನನ್ನ ಕಡೆ ನೋಡಿದ ನೋಟವನ್ನು ಏನೆಂದು ಬರೆಯಲಿ? ಬಿದ್ದ ದಿನದಿಂದ ಅವನು ಯಾರನ್ನೂ ಹಾಗೆ ನೋಡಿರಲಿಲ್ಲ.

ಆ ನೋಟವೇ ನನ್ನನ್ನು ಕೆಡಿಸಿತು. ಇನ್ನೂ ಬೇಕೆನಿಸಿತು.

ಮರುದಿನ ಸಂಜೆ ಹೊರಸಿನ ಪಕ್ಕ ಕೂತು ನಾನು ಕಲಿತ ಮೂರು ನಾಲ್ಕು ಶಬ್ದ ಒಂದೊಂದಾಗಿ ಹೇಳಿದೆ. ನೀರು, ತಾಯಿ, ಮನೆ. ಮುತ್ಯಾ ನನ್ನ ಮೊಣಕೈ ಹಿಡಿದ. ನಂತರ ಅವನ ಬಾಯಿಂದ ಬಂದದ್ದು ಹಳ್ಳಕ್ಕೆ ಪ್ರವಾಹ ಬಂದಂತೆ. ತನ್ನನ್ನು ಮಾತಾಡಿಸುವವನು ಸಿಕ್ಕಿದ ಎಂದುಕೊಂಡಿದ್ದ. ಅತ್ತ, ನಕ್ಕ, ಸತ್ತ ಕೈಯನ್ನು ಒಳ್ಳೆಯ ಕೈಯಿಂದ ಎತ್ತಿ ತೋರಿಸಿದ. ಕೊನೆಗೆ ಒಂದು ಮಾತು ಕೇಳಿದ. ಪ್ರಶ್ನೆ ಎಂದು ರಾಗದಲ್ಲೇ ಗೊತ್ತಾಗುತ್ತಿತ್ತು: ‘ಕ್ವೆನ್ ಸಿನ್ ಎರ್ ದು?’ ಮತ್ತೆ ಅದನ್ನೇ ಕೇಳಿದ. ಮಲಗುವ ತನಕ ಕೇಳಿದ, ಮರುದಿನವೂ ಕೇಳಿದ. ಹಿಂದೆ ಮಂಜಿಗೆ ಕೇಳುತ್ತಿದ್ದವನು ಈಗ ನನ್ನನ್ನು ಕೇಳುತ್ತಿದ್ದ. ಮಂಜಿಗಿಂತ ಹೆಚ್ಚಿಗೆ ನಾನು ಏನೂ ಹೇಳಲಿಲ್ಲ.

ಆ ಪ್ರಶ್ನೆಯ ಸಪ್ಪಳವನ್ನು ಬಾಯಲ್ಲಿ ಹೊರಳಿಸಿಕೊಳ್ಳುತ್ತಲೇ ಕಲಬುರಗಿಯ ಬಸ್ಸು ಹತ್ತಿದೆ. ಹಣ್ಣು ಇಳಿಸಿಟ್ಟು ನೇರ ಐವಾನ್-ಎ-ಶಾಹಿಯ ಕಡೆ ನಡೆದೆ. ಅವರು ಇಳಿದಿದ್ದ ಮನೆಯ ಮುಂದೆ ಜೀಪು ನಿಂತಿತ್ತು, ಪೆಟ್ಟಿಗೆಗಳನ್ನು ಏರಿಸುತ್ತಿದ್ದರು. ಇಲ್ಲಿಯ ಕೆಲಸ ಮುಗಿಯಿತು, ಬೀದರಿಗೆ ಹೋಗಿ ಅಲ್ಲಿಂದ ನಮ್ಮ ದೇಶಕ್ಕೆ ಎಂದರು ಮೇಡಂ. ನನ್ನನ್ನು ಕಂಡು, ಬೀಳ್ಕೊಡಲು ಬಂದಿದ್ದೇನೆ ಎಂದುಕೊಂಡು ಕಣ್ಣು ತುಂಬಿಕೊಂಡರು. ನಾನು ಆ ಮಾತನ್ನು ಹೇಳಿದೆ. ಹೇಳಿದ್ದು ಸರಿಯಾಗಿತ್ತೆಂದು ಕಾಣುತ್ತದೆ, ಅವರು ತಟ್ಟನೆ ನಿಂತರು.

ಇದು ನಮ್ಮ ಪಡುವಣ ಹಳ್ಳಿಗಳ ಮಾತು, ಈಗ ಹೀಗೆ ಕೇಳುವವರೂ ಕಡಿಮೆ ಎಂದರು. ‘ತುಮ್ ಕಿಸ್ಕೆ ಹೋ?’ ಎಂದು ಅದರ ಅರ್ಥ ಹೇಳಿದರು. ನೀನು ಯಾರವನು? ಯಾರ ಪೈಕಿ? ನಮ್ಮ ಕಮಲಾಪುರದಲ್ಲಿ ಹೊಸಬನನ್ನು ಕಂಡರೆ ಮುದುಕರು ಮೊದಲು ಕೇಳುವುದೂ ಇದನ್ನೇ. ಯಾರ ಮಗನೋ ತಮ್ಮಾ ಎಂದು.

‘ಯೇ ಕಿಸ್ನೆ ಪೂಛಾ?’ ಯಾರು ಕೇಳಿದರು ಇದನ್ನು ಎಂದು ಅವರು ಹತ್ತಿರ ಬಂದರು. ನನ್ನ ಕಣ್ಣನ್ನೇ ನೋಡಿದರು. ಇಷ್ಟು ದಿನ ಹಣ್ಣು ನೋಡಿದ್ದರೇ ಹೊರತು ಕಣ್ಣನ್ನು ನೋಡಿರಲಿಲ್ಲ.

ಯಾರೋ ಗಿರಾಕಿ ಎಂದೆ. ಯಾವ ಗಿರಾಕಿ, ಎಲ್ಲಿದ್ದಾನೆ ಎಂದರು. ಹೋದ ಎಂದೆ. ಅವರು ನಂಬಲಿಲ್ಲ. ಜೀಪಿನ ಹಿಂದಿನ ಸೀಟಿನ ಮೇಲಿದ್ದ ಚೀಲವನ್ನು ಮಡಿಲಿಗೆ ಎತ್ತಿಕೊಂಡು ಜಾಗ ಮಾಡಿ, ‘ಬೈಠೋ. ಕಮಲಾಪುರ ರಾಸ್ತೆ ಮೇಂ ಹೈ,’ ಎಂದರು.

ಹೌದು, ಕಮಲಾಪುರ ಬೀದರಿನ ದಾರಿಯಲ್ಲೇ ಇದೆ. ನಮ್ಮ ಹೊಲ ರಸ್ತೆಗೆ ಕಾಣುತ್ತದೆ. ಆ ಹೊತ್ತಿನಲ್ಲಿ ನನಗೆ ಶಾಂತಾನ ಮದುವೆ ನೆನಪಿಗೇ ಬರಲಿಲ್ಲ. ನನ್ನ ಕಣ್ಣ ಮುಂದೆ ಬಂದದ್ದು ಹೊಲದ ಮನೆ. ಈಕೆ ಹೊರಸಿನ ಮೇಲೆ ಕೂತಿದ್ದಾರೆ, ಮುತ್ಯಾ ಈಕೆಯ ಕೈ ಹಿಡಿದಿದ್ದಾನೆ, ಇಬ್ಬರೂ ನಗುತ್ತಿದ್ದಾರೆ, ನಾನು ಕಾಕಿಯ ಜೊತೆ ಬಾಗಿಲಲ್ಲಿ ಆಳಿನಂತೆ ನಿಂತಿದ್ದೇನೆ. ಉಚ್ಚೆ ಬಳಿದವನು ನಾನು, ಉಣಿಸಿದವನು ನಾನು, ಆ ನೋಟ ಈಕೆಯ ಪಾಲಿಗೆ ಹೋಗುತ್ತದೆ. ಅಷ್ಟೇ ನನ್ನ ಹೊಟ್ಟೆಕಿಚ್ಚು. ನಾನು ಆ ಕಡೆ ಹೋಗುತ್ತಿಲ್ಲ ಎಂದೆ.

ಹೋಗಲಿ, ಹಾಗೆ ಕೇಳಿದವನಿಗೆ ‘ನಿನ್ನವನು’ ಎನ್ನಬೇಕಾದರೆ ಏನನ್ನಬೇಕು ಎಂದೆ. ‘ದಿನ್’ ಎಂದರು. ಎರಡು ಸಲ ನನ್ನಿಂದ ಹೇಳಿಸಿದರು. ಜೀಪು ಮರೆಯಾಗುವ ತನಕ ಹಿಂದಕ್ಕೆ ತಿರುಗಿ ನನ್ನನ್ನೇ ನೋಡುತ್ತಿದ್ದರು. ಅವರು ಸಾಕಷ್ಟು ಮುಂದೆ ಹೋಗಲಿ ಎಂದು ನಾನು ಎರಡು ಬಸ್ಸು ಬಿಟ್ಟೆ.

ಹೊಲಕ್ಕೆ ಬಂದಾಗ ಬಿಸಿಲು ಇಳಿದಿತ್ತು. ಮುತ್ಯಾ ಎಚ್ಚರಿದ್ದ. ಕೈಕಾಲು ತೊಳೆಯದೆ ಹೋಗಿ ಅವನ ಮುಂದೆ ಕೂತೆ. ಅವನು ಕೇಳಿದ, ಅದೇ ಪ್ರಶ್ನೆ. ‘ದಿನ್,’ ಎಂದೆ. ನನ್ನ ಎದೆ ಮುಟ್ಟಿ, ಅವನ ಎದೆ ಮುಟ್ಟಿ, ಇನ್ನೊಮ್ಮೆ ಹೇಳಿದೆ.

ಅವನಿಗೆ ತಿಳಿಯಿತು. ನನ್ನ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಕೇಳಿದ. ಹೊಸದು. ನಾನು ಮತ್ತೆ ದಿನ್ ಎಂದೆ. ಅವನು ತಲೆಯಾಡಿಸಿ, ಚಿಕ್ಕ ಮಗುವಿಗೆ ಬಿಡಿಸಿ ಹೇಳುವಂತೆ ನಿಧಾನವಾಗಿ ಮತ್ತೆ ಕೇಳಿದ. ನಾನು ದಿನ್, ದಿನ್ ಎಂದೆ. ಬೇರೆ ಏನಿತ್ತು ನನ್ನ ಹತ್ತಿರ? ಅವನು ಬಹಳ ಹೊತ್ತು ನನ್ನ ಮುಖವನ್ನು ಹುಡುಕಿದ. ಹುಡುಕುವುದನ್ನು ಬಿಟ್ಟದ್ದೂ ನನಗೆ ಕಂಡಿತು. ಆಗ ಅವನು ನನ್ನ ಬೆನ್ನು ತಟ್ಟಿದ. ದಸರೆಯಿಂದ ಒಂದು ಕನ್ನಡ ಶಬ್ದ ಕಾಣದ ಆ ಬಾಯಿ ಎಲ್ಲಿಂದಲೋ ಎಳೆದು ತಂದು ಹೇಳಿತು: ‘ಸಾಕಪ್ಪಾ.’

ಗೋಡೆಯ ಕಡೆ ಹೊರಳಿ ಮಲಗಿದ. ಶಿವರಾತ್ರಿಯ ಮುಂದೆ ತೀರಿಕೊಂಡ. ಅಲ್ಲಿಯತನಕ ಅವನು ಯಾವ ಭಾಷೆಯಲ್ಲೂ ಮಾತಾಡಲಿಲ್ಲ, ಮಂಜಿನ ಕಡೆಗೂ ನೋಡಲಿಲ್ಲ. ಶಾಂತಾನ ಮದುವೆ ಬೇಸಿಗೆಯಲ್ಲಿ ಚೆನ್ನಾಗಿ ಆಯಿತು. ಅವಳ ಮೊಮ್ಮಕ್ಕಳಿಗೆ ಈಗ ಗೋವಾ ಮೂಲ ಎಂದೇ ಗೊತ್ತು.

ಮಣ್ಣು ಮಾಡಿ ಬಂದ ದಿನ ನಾಗಮ್ಮ ಕಾಕಿ ಹೊರಸನ್ನು ಹೊರಗೆ ಬಿಸಿಲಿಗೆ ಹಾಕುತ್ತ ಕೇಳಿದಳು, ಅವತ್ತು ಅವನಿಗೆ ಏನಂದಿ, ಹಾಗೆ ಮಾತು ಬಿಟ್ಟನಲ್ಲ ಎಂದು. ನಿನ್ನವನು ಎಂದೆ ಅಷ್ಟೇ, ಮುಂದೆ ಕೇಳಿದ್ದಕ್ಕೆ ಉತ್ತರ ಬರಲಿಲ್ಲ ಎಂದೆ. ಅವಳು ಹೊರಸಿನ ಹಗ್ಗ ಬಿಗಿದಳು.

‘ಆ ಮಾತು ಬರೋರು ಯಾರರೆ ಒಬ್ರು ಸಿಕ್ಕಿದ್ರ ಛಲೋ ಇತ್ತು, ಪಾಪ,’ ಎಂದಳು.

‘ಹೌದು ಕಾಕಿ,’ ಎಂದೆ.